ಕೊಂಡ ಹಾಡಿನ ಕೀಲಿ ಯಾರ ಕೈಯಲ್ಲಿದೆ?

ಹಾಡಿಗೆ ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿಕೊಂಡವರಲ್ಲಿ ಹೆಚ್ಚಿನವರು ಆ ಹಾಡು ತಮ್ಮದಾಯಿತು ಎಂದೇ ತಿಳಿದಿರುತ್ತಾರೆ. ಹಾಗೆ ತಿಳಿಯುವುದು ಸಹಜ. ಪರದೆಯ ಮೇಲಿನ ಗುಂಡಿ ‘ಖರೀದಿಸಿ’ ಎಂದೇ ಹೇಳಿರುತ್ತದೆ, ಬ್ಯಾಂಕಿನಿಂದ ಹಣ ಕಡಿತವಾದ ಮೆಸೇಜೂ ಬಂದಿರುತ್ತದೆ. ಆದರೆ ಆ ಗುಂಡಿಯ ಹಿಂದಿರುವ ಉದ್ದನೆಯ ಷರತ್ತುಗಳಲ್ಲಿ ಬೇರೆ ಮಾತಿರುತ್ತದೆ. ನಿಮಗೆ ಸಿಕ್ಕಿರುವುದು ಹಾಡಲ್ಲ, ಇಂತಿಂಥ ಮಿತಿಯೊಳಗೆ ಆ ಹಾಡನ್ನು ಕೇಳುವ ಪರವಾನಗಿ ಮಾತ್ರ ಎಂದು ಅಲ್ಲಿ ಬರೆದಿರುತ್ತಾರೆ.

ಪುಣೆಯ ಒಂದು ಕಂಪನಿಗೆ ಬರುವ ಕರಾರುಪತ್ರಗಳನ್ನು ಓದಿ, ಯಾವ ಸಾಲಿನಲ್ಲಿ ಏನು ಅಡಗಿದೆ ಎಂದು ಮೇಲಿನವರಿಗೆ ಹೇಳುವುದು ನನ್ನ ಹೊಟ್ಟೆಪಾಡು. ಹಾಗಾಗಿ ಇಂಥ ಷರತ್ತುಗಳನ್ನು ಓದುವ ಚಟ ಅಂಟಿಕೊಂಡಿದೆ. ಕಳೆದ ಇಪ್ಪತ್ತು ವರ್ಷಗಳಲ್ಲಿ ಹಾಡಿನ ಅಂಗಡಿಗಳು ಹಾಕಿದ ಷರತ್ತುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಹೊರನಾಡಿನಲ್ಲಿರುವ ನಮ್ಮಂಥವರು ತಿಳಿದುಕೊಳ್ಳಲೇಬೇಕಾದ ಸಂಗತಿಗಳು ಸಾಕಷ್ಟಿವೆ. ಏಕೆಂದರೆ ಕನ್ನಡದ ಹಾಡು ನಮಗೆ ಪಕ್ಕದ ಬೀದಿಯ ಅಂಗಡಿಯಲ್ಲಿ ಸಿಗುವುದಿಲ್ಲ. ಊರಿಗೆ ಹೋದಾಗ ಕ್ಯಾಸೆಟ್, ಸಿ.ಡಿ. ತರುತ್ತಿದ್ದ ಕಾಲ ಮುಗಿದ ಮೇಲೆ ನಮಗೆ ಉಳಿದಿರುವುದು ಡೌನ್‌ಲೋಡ್ ಒಂದೇ.

ಫಾರ್ವರ್ಡ್ ಆಗದ ರಿಂಗ್‌ಟೋನ್

ಬೀಗ ಹಾಕಿದ ಹಾಡನ್ನು ನಾವೆಲ್ಲ ಮೊದಲು ಕಂಡದ್ದು ಮೊಬೈಲಿನಲ್ಲೇ. ಹತ್ತೋ ಹದಿನೈದೋ ರೂಪಾಯಿ ಕೊಟ್ಟು ಇಳಿಸಿಕೊಂಡ ರಿಂಗ್‌ಟೋನನ್ನು ಬ್ಲೂಟೂತ್‌ನಲ್ಲಿ ಗೆಳೆಯನಿಗೆ ಕಳಿಸಲು ಹೋದರೆ ಫೋನು ಒಪ್ಪುತ್ತಿರಲಿಲ್ಲ. ‘ಫಾರ್ವರ್ಡ್ ಲಾಕ್’ ಎಂಬ ಗುರುತನ್ನು ಫೈಲಿಗೆ ಹಚ್ಚಿಯೇ ಮಾರುತ್ತಿದ್ದರು. ಆ ಫೋನಿನಲ್ಲಿ ಕೇಳಬಹುದು, ಆಚೆ ಕಳಿಸುವಂತಿಲ್ಲ. ಫೋನು ಬದಲಾಯಿಸಿದರೆ ಆ ರಿಂಗ್‌ಟೋನು ಹಳೆಯ ಫೋನಿನಲ್ಲೇ ಉಳಿಯುತ್ತಿತ್ತು. ಹತ್ತು ರೂಪಾಯಿಯ ಮಾತು ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಅದೇ ಹೊತ್ತಿಗೆ ಅಮೆರಿಕದಲ್ಲಿ ಈ ಬೀಗ ಪೂರ್ತಿ ಹಾಡಿಗೆ, ಪೂರ್ತಿ ಆಲ್ಬಮ್ಮಿಗೆ ಬಿದ್ದಿತ್ತು. 2003ರ ಏಪ್ರಿಲ್‌ನಲ್ಲಿ ಆಪಲ್ ಕಂಪನಿ ಐಟ್ಯೂನ್ಸ್ ಅಂಗಡಿ ತೆರೆದು ಒಂದು ಹಾಡನ್ನು 99 ಸೆಂಟಿಗೆ ಮಾರಲು ಶುರು ಮಾಡಿತು. ಪ್ರತಿ ಹಾಡಿಗೂ ‘ಫೇರ್‌ಪ್ಲೇ’ ಎಂಬ ಬೀಗ. ಮೊದಲು ಮೂರು ಕಂಪ್ಯೂಟರ್‌ಗಳಲ್ಲಿ, ಮುಂದಿನ ವರ್ಷದಿಂದ ಐದರಲ್ಲಿ ಆ ಹಾಡನ್ನು ಕೇಳಬಹುದಿತ್ತು. ಒಂದೇ ಪಟ್ಟಿಯ ಹಾಡುಗಳನ್ನು ಸಿ.ಡಿ.ಗೆ ಬರೆಯಲು ಮೊದಲು ಹತ್ತು ಸಲ, ಆಮೇಲೆ ಏಳೇ ಸಲ ಅವಕಾಶ. ಐಪಾಡ್‌ಗಳು ಎಷ್ಟಿದ್ದರೂ ಸರಿ, ಆದರೆ ಬೇರೆ ಕಂಪನಿಯ ಪ್ಲೇಯರ್‌ನಲ್ಲಿ ಹಾಡು ನುಡಿಯುವುದಿಲ್ಲ. ದುಡ್ಡು ಕೊಟ್ಟವನ ಮನೆಯಲ್ಲಿ ಎಷ್ಟು ಯಂತ್ರ ಇರಬೇಕು, ಯಾವ ಕಂಪನಿಯದಿರಬೇಕು ಎಂಬುದನ್ನು ಮಾರಿದವರೇ ನಿರ್ಧರಿಸುತ್ತಿದ್ದರು.

ಎದುರಾಳಿ ಮೈಕ್ರೋಸಾಫ್ಟ್ ಕಂಪನಿ ‘ಪ್ಲೇಸ್‌ಫಾರ್‌ಶ್ಯೂರ್’ ಎಂಬ ಹೆಸರಿನಲ್ಲಿ ಬೇರೊಂದು ಬೀಗ ತಂದಿತು. ಹಲವು ಅಂಗಡಿಗಳು ಆ ಬೀಗದ ಹಾಡು ಮಾರಿದವು, ಹಲವು ಕಂಪನಿಗಳು ಅದಕ್ಕೆ ಹೊಂದುವ ಪ್ಲೇಯರ್ ಮಾಡಿದವು. ಹೆಸರಿನಲ್ಲೇ ‘ಖಂಡಿತ ನುಡಿಯುತ್ತದೆ’ ಎಂಬ ಭರವಸೆ. ಆದರೆ 2006ರಲ್ಲಿ ಅದೇ ಮೈಕ್ರೋಸಾಫ್ಟ್ ಹೊರತಂದ ‘ಜೂನ್’ ಎಂಬ ಪ್ಲೇಯರ್‌ನಲ್ಲಿ ಆ ಹಾಡುಗಳು ನುಡಿಯಲಿಲ್ಲ.

ಕೀಲಿ ಕೊಡುವವನೇ ಅಂಗಡಿ ಮುಚ್ಚಿದರೆ

ಈ ಬೀಗಗಳ ನಿಜವಾದ ತೊಡಕು ಗೊತ್ತಾದದ್ದು 2008ರಲ್ಲಿ. ಅದು ಹೇಗೆಂದು ಸ್ವಲ್ಪ ಬಿಡಿಸಿ ಹೇಳಬೇಕು. ಬೀಗ ಹಾಕಿದ ಹಾಡು ಅಂದರೆ ಸಂಕೇತಲಿಪಿಗೆ ತಿರುಗಿಸಿದ ಫೈಲು. ಅದನ್ನು ಬಿಚ್ಚಿ ಓದಲು ಒಂದು ಕೀಲಿ ಬೇಕು. ನೀವು ಹೊಸ ಕಂಪ್ಯೂಟರ್ ಕೊಂಡಾಗ, ಅದು ಅಂಗಡಿಯ ಸರ್ವರನ್ನು ಸಂಪರ್ಕಿಸಿ ‘ಇವರು ದುಡ್ಡು ಕೊಟ್ಟವರೇ, ಕೀಲಿ ಕೊಡಿ’ ಎಂದು ಕೇಳಬೇಕು. ಸರ್ವರ್ ಇಲ್ಲವಾದರೆ ಕೀಲಿಯೂ ಇಲ್ಲ. ಫೈಲು ನಿಮ್ಮಲ್ಲೇ ಇರುತ್ತದೆ, ಹಾಡು ಮಾತ್ರ ಕೇಳುವುದಿಲ್ಲ.

2008ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಎಂಎಸ್‌ಎನ್ ಮ್ಯೂಸಿಕ್ ಗಿರಾಕಿಗಳಿಗೆ, ಆಗಸ್ಟ್ 31ರ ಮೇಲೆ ಹೊಸ ಕಂಪ್ಯೂಟರ್‌ಗೆ ಕೀಲಿ ಕೊಡುವುದಿಲ್ಲ ಎಂದು ತಿಳಿಸಿತು. ಹಳೆಯ ಕಂಪ್ಯೂಟರ್ ಕೆಟ್ಟರೆ ಅಥವಾ ಅದರ ಆಪರೇಟಿಂಗ್ ಸಿಸ್ಟಂ ಬದಲಾದರೆ ಕೊಂಡ ಹಾಡುಗಳ ಕಥೆ ಮುಗಿದಂತೆ. ಗಲಾಟೆಯಾದ ಮೇಲೆ ಗಡುವನ್ನು 2011ರ ಕೊನೆಯವರೆಗೆ ಮುಂದೂಡಿದರು. ಅದೇ ವರ್ಷದ ಜುಲೈನಲ್ಲಿ ಯಾಹೂ ಕಂಪನಿ, ಸೆಪ್ಟೆಂಬರ್ 30ಕ್ಕೆ ತನ್ನ ಹಾಡಿನ ಅಂಗಡಿಯನ್ನೂ ಸರ್ವರುಗಳನ್ನೂ ಮುಚ್ಚುವುದಾಗಿ ಹೇಳಿತು. ಜನ ಸಿಟ್ಟಾದ ಮೇಲೆ ಬದಲಿ ಕೂಪನ್ ಕೊಟ್ಟಿತು. ಆಮೇಲೆ ವಾಲ್‌ಮಾರ್ಟ್ ಸರದಿ. ಅಲ್ಲೂ ಮುಚ್ಚುವ ಪ್ರಕಟಣೆ, ಗಲಾಟೆ, ಸದ್ಯಕ್ಕೆ ಮುಂದುವರಿಸುತ್ತೇವೆ ಎಂಬ ತಿದ್ದುಪಡಿ. ಗಿರಾಕಿಗಳಿಗೆ ಸಿಕ್ಕ ಸಲಹೆಯೂ ಹೆಚ್ಚುಕಡಿಮೆ ಒಂದೇ: ನಿಮ್ಮ ಹಾಡುಗಳನ್ನು ಸಿ.ಡಿ.ಗೆ ಬರೆದಿಟ್ಟುಕೊಳ್ಳಿ. ಸಿ.ಡಿ.ಗೆ ಬರೆದರೆ ಬೀಗ ಇರುವುದಿಲ್ಲವಲ್ಲ! ಬೀಗ ಹಾಕಿ ಮಾರಿದವರೇ ಕೊನೆಗೆ ಬೀಗವಿಲ್ಲದ ಪ್ರತಿ ಇಟ್ಟುಕೊಳ್ಳಿ ಎಂದು ಹೇಳಬೇಕಾಯಿತು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಇಷ್ಟೆಲ್ಲ ತೊಂದರೆ ಅನುಭವಿಸಿದವರು ದುಡ್ಡು ಕೊಟ್ಟವರು. ಕದ್ದು ಇಳಿಸಿಕೊಂಡವರ ಎಂಪಿ3 ಫೈಲಿಗೆ ಬೀಗವೂ ಇರಲಿಲ್ಲ, ಗಡುವೂ ಇರಲಿಲ್ಲ.

2007ರ ಫೆಬ್ರವರಿಯಲ್ಲಿ ಸ್ಟೀವ್ ಜಾಬ್ಸ್ ಬರೆದ ಬಹಿರಂಗ ಪತ್ರದಲ್ಲೂ ಇಂಥದೇ ತರ್ಕವಿತ್ತು. 2006ರಲ್ಲಿ ಆನ್‌ಲೈನ್ ಅಂಗಡಿಗಳು ಬೀಗ ಹಾಕಿ ಮಾರಿದ ಹಾಡುಗಳು 200 ಕೋಟಿಗಿಂತ ಕಡಿಮೆ. ಅದೇ ವರ್ಷ ಅದೇ ಸಂಗೀತ ಕಂಪನಿಗಳು ಸಿ.ಡಿ. ರೂಪದಲ್ಲಿ ಬೀಗವೇ ಇಲ್ಲದೆ ಮಾರಿದ್ದು 2,000 ಕೋಟಿಗೂ ಹೆಚ್ಚು. ಹೀಗಿರುವಾಗ ಡೌನ್‌ಲೋಡಿಗೆ ಮಾತ್ರ ಬೀಗವೇಕೆ ಎಂದು ಅವರು ಕೇಳಿದ್ದರು. ಬೀಗದಿಂದ ಐಪಾಡ್ ವ್ಯಾಪಾರಕ್ಕೆ ಲಾಭವಾಗುತ್ತಿದ್ದುದೂ, ನಾರ್ವೆಯ ಗ್ರಾಹಕ ಅಧಿಕಾರಿಗಳು ಆ ಬೀಗದ ವಿಷಯದಲ್ಲಿ ಆಪಲ್ ಬೆನ್ನು ಹತ್ತಿದ್ದುದೂ ಆ ಪತ್ರದ ಹಿನ್ನೆಲೆಯಲ್ಲಿ ಇತ್ತು ಎಂಬುದನ್ನೂ ಮರೆಯಬಾರದು. ಅದೇನೇ ಇರಲಿ, ಆ ವರ್ಷವೇ ಇಎಂಐ ಕಂಪನಿ ಬೀಗವಿಲ್ಲದ ಹಾಡು ಮಾರಲು ಒಪ್ಪಿತು. ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಬೀಗವಿಲ್ಲದ ಎಂಪಿ3 ಅಂಗಡಿ ತೆರೆಯಿತು. 2009ರ ಜನವರಿಯಲ್ಲಿ ಆಪಲ್ ತನ್ನ ಎಲ್ಲ ಹಾಡುಗಳ ಬೀಗ ತೆಗೆಯುವುದಾಗಿ ಸಾರಿತು. ಹಿಂದೆ ಕೊಂಡಿದ್ದ ಹಾಡನ್ನು ಬೀಗವಿಲ್ಲದ ಪ್ರತಿಗೆ ಬದಲಾಯಿಸಿಕೊಳ್ಳಲು ಹಾಡಿಗೆ ಮತ್ತೆ 30 ಸೆಂಟ್ ಕೊಡಬೇಕಿತ್ತು.

ನಮ್ಮ ದೇಶಕ್ಕೆ ಹಾಡಿನ ದೊಡ್ಡ ಅಂಗಡಿಗಳು ಬಂದದ್ದು ಈ ಬೀಗದ ಕಾಲ ಮುಗಿದ ಮೇಲೆ. ಫ್ಲಿಪ್‌ಕಾರ್ಟ್‌ನ ‘ಫ್ಲೈಟ್’ 2012ರ ಆರಂಭದಲ್ಲಿ, ಐಟ್ಯೂನ್ಸ್ ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದವು. ಎರಡರಲ್ಲೂ ಹಾಡಿನ ಫೈಲಿಗೆ ಬೀಗವಿರಲಿಲ್ಲ. ಫ್ಲೈಟ್ ಒಂದೂವರೆ ವರ್ಷವೂ ಬದುಕದೆ 2013ರ ಜೂನ್‌ನಲ್ಲಿ ಮುಚ್ಚಿತು. ಆದರೆ ಅಲ್ಲಿ ಕೊಂಡು ಕಂಪ್ಯೂಟರ್‌ಗೆ ಇಳಿಸಿಕೊಂಡಿದ್ದವರ ಹಾಡುಗಳು ಇವತ್ತಿಗೂ ನುಡಿಯುತ್ತವೆ. 2008ರ ಅಮೆರಿಕದ ಗಿರಾಕಿಗೂ 2013ರ ನಮ್ಮ ಗಿರಾಕಿಗೂ ಇದ್ದ ವ್ಯತ್ಯಾಸ ಇದೊಂದೇ.

ಬೀಗ ಫೈಲಿಗಲ್ಲ, ಖಾತೆಗೆ

ಹಾಗಾದರೆ ಸಮಸ್ಯೆ ಮುಗಿಯಿತಲ್ಲ ಎನ್ನಬಹುದು. ಮುಗಿಯಲಿಲ್ಲ ಎಂಬುದು ನನಗೆ ಗೊತ್ತಾದದ್ದು ನಮ್ಮ ಮನೆಯಲ್ಲೇ.

ಧಾರವಾಡದಲ್ಲಿದ್ದ ನಮ್ಮಪ್ಪನಿಗೆ ಹಾಡಿನ ಹುಚ್ಚು. ಕ್ಯಾಸೆಟ್ಟುಗಳೇ ಮುನ್ನೂರರ ಮೇಲಿದ್ದವು. ನಿವೃತ್ತಿಯಾದ ಮೇಲೆ ಟ್ಯಾಬ್ಲೆಟ್ ಹಿಡಿದು, ಒಂದು ಆನ್‌ಲೈನ್ ಅಂಗಡಿಯಲ್ಲಿ ಖಾತೆ ತೆರೆದು, ಪಿಂಚಣಿಯ ದುಡ್ಡಿನಲ್ಲಿ ತಿಂಗಳಿಗೆ ನಾಲ್ಕೈದು ಹಾಡು ಕೊಳ್ಳುತ್ತಿದ್ದರು. ಭಾವಗೀತೆ, ವಚನ, ದಾಸರ ಪದ, ಮನ್ಸೂರರು, ಗಂಗೂಬಾಯಿಯವರು ಹೀಗೆ ಇನ್ನೂರಕ್ಕೂ ಹೆಚ್ಚು. ಅಪ್ಪ ತೀರಿಕೊಂಡ ವರ್ಷ ಕ್ಯಾಸೆಟ್ಟುಗಳನ್ನು ಹಂಚಿಕೊಂಡೆವು. ಶಾಸ್ತ್ರೀಯದ ಪೆಟ್ಟಿಗೆ ಕಾಕಾ ಒಯ್ದರು, ಭಾವಗೀತೆಯ ಪೆಟ್ಟಿಗೆಯನ್ನು ನಾನು ಪುಣೆಗೆ ತಂದೆ. ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ.

ಕೆಲವು ತಿಂಗಳಿಗೆ ಟ್ಯಾಬ್ಲೆಟ್ಟಿನ ಬ್ಯಾಟರಿ ಉಬ್ಬಿ ಅದು ಕೈಕೊಟ್ಟಿತು. ಅವ್ವನಿಗೆ ಹೊಸದು ತಂದುಕೊಟ್ಟು ಅಪ್ಪನ ಖಾತೆ ತೆರೆಯಲು ಹೋದರೆ, ಒ.ಟಿ.ಪಿ. ಅಪ್ಪನ ಮೊಬೈಲ್ ನಂಬರಿಗೆ ಹೋಗುತ್ತಿತ್ತು. ಆ ನಂಬರು ಆಗಲೇ ಬಂದ್ ಆಗಿತ್ತು. ಮರಣ ಪ್ರಮಾಣಪತ್ರ ಲಗತ್ತಿಸಿ ಅಂಗಡಿಗೆ ಬರೆದೆ. ಬಹಳ ವಿನಯದಿಂದ ಉತ್ತರ ಬಂತು: ಖಾತೆ ವರ್ಗಾವಣೆ ಮಾಡುವಂಥದ್ದಲ್ಲ, ಅದರಲ್ಲಿರುವ ಹಾಡುಗಳ ಪರವಾನಗಿ ಖಾತೆದಾರರಿಗೆ ಮಾತ್ರ. ಷರತ್ತು ತೆಗೆದು ನೋಡಿದೆ. ಅವರು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಕರಾರು ಓದುವವನಾಗಿ ನನಗೆ ಅದರಲ್ಲಿ ಒಂದು ಸಂದೂ ಸಿಗಲಿಲ್ಲ.

ಕಾಕಾನಿಗೆ ಇದನ್ನು ಹೇಳಿದಾಗ ಅವರು ನಂಬಲೇ ಇಲ್ಲ. “ಅಲ್ಲೋ ತಮ್ಮಾ, ಅಣ್ಣ ರೊಕ್ಕಾ ಕೊಟ್ಟಿದ್ದ ಹೌದಿಲ್ಲೋ? ಮತ್ತ ಹಾಡು ಅವನವು ಆಗಲಿಲ್ಲೇನು?” ಎಂದು ಕೇಳಿದರು. ಬಹಳ ಸರಳ ಪ್ರಶ್ನೆ. ಅದಕ್ಕೆ ಕರಾರಿನಲ್ಲಿರುವ ಉತ್ತರ ‘ಇಲ್ಲ’.

ಕೊನೆಗೆ ಅವ್ವನಿಗೆ ಸಿಕ್ಕಿದ್ದು ಐವತ್ತೆಂಟು ಹಾಡು. ದೂರದ ಪ್ರಯಾಣಕ್ಕೆಂದು ಅಪ್ಪ ಮನೆಯ ಕಾರಿನ ಪೆನ್‌ಡ್ರೈವ್‌ಗೆ ಅಷ್ಟನ್ನು ಇಳಿಸಿಟ್ಟಿದ್ದರು. ಆ ಫೈಲುಗಳಿಗೆ ಬೀಗವಿರಲಿಲ್ಲ, ಹಾಗಾಗಿ ಅವು ಉಳಿದವು. ಖಾತೆಯಲ್ಲೇ ಇದ್ದ ನೂರೈವತ್ತರಷ್ಟು ಹಾಡು ಎಲ್ಲಿಯೋ ಒಂದು ಸರ್ವರಿನಲ್ಲಿ ಇವೆ, ಕೇಳುವವರಿಲ್ಲ.

ಇದು ಒಂದು ಅಂಗಡಿಯ ದೋಷವಲ್ಲ, ಈ ವ್ಯಾಪಾರದ ರೀತಿಯೇ ಹೀಗೆ. ಆಪಲ್ ಕಂಪನಿ 2021ರ ಡಿಸೆಂಬರ್‌ನಿಂದ ‘ಲೆಗಸಿ ಕಾಂಟ್ಯಾಕ್ಟ್’ ಎಂಬ ಸೌಲಭ್ಯ ಕೊಟ್ಟಿದೆ. ನೀವು ಮೊದಲೇ ಹೆಸರಿಸಿದವರು ನಿಮ್ಮ ಕಾಲಾನಂತರ ನಿಮ್ಮ ಫೋಟೊ, ಟಿಪ್ಪಣಿ, ಕಡತಗಳನ್ನು ಪಡೆಯಬಹುದು. ಆದರೆ ದುಡ್ಡು ಕೊಟ್ಟು ಕೊಂಡ ಹಾಡು, ಸಿನಿಮಾ, ಪುಸ್ತಕಗಳನ್ನು ಅದರಿಂದ ಹೊರಗಿಟ್ಟಿದ್ದಾರೆ.

ಹಳೆಯ ಕ್ಯಾಸೆಟ್ಟನ್ನು ಇನ್ನೊಬ್ಬರಿಗೆ ಮಾರುವ ಹಾಗೆ ಕೊಂಡ ಡೌನ್‌ಲೋಡನ್ನು ಮಾರಬಹುದೇ ಎಂಬ ಪ್ರಶ್ನೆಯೂ ಅಮೆರಿಕದ ನ್ಯಾಯಾಲಯಕ್ಕೆ ಹೋಗಿತ್ತು. ‘ರಿಡಿಜಿ’ ಎಂಬ ಕಂಪನಿ ಅಂಥ ಸೆಕೆಂಡ್‌ಹ್ಯಾಂಡ್ ಸಂತೆ ನಡೆಸಿತ್ತು. ಫೈಲನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವಾಗ ಹೊಸ ಪ್ರತಿಯೇ ಹುಟ್ಟುತ್ತದೆ, ಹಾಗಾಗಿ ಅದು ಹಕ್ಕುಸ್ವಾಮ್ಯದ ಉಲ್ಲಂಘನೆ ಎಂದು 2013ರಲ್ಲಿ ತೀರ್ಪಾಯಿತು. 2018ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ನಮ್ಮ ಕಾನೂನು ಏನು ಹೇಳುತ್ತದೆ?

ಬೀಗ ಮುರಿಯುವುದೇ ಅಪರಾಧ ಎಂಬ ಮಾತು ಬಹಳ ಜನರ ತಲೆಯಲ್ಲಿದೆ. ಅದು ಬಂದದ್ದು ಅಮೆರಿಕದ 1998ರ ಕಾನೂನಿನಿಂದ. ಅಲ್ಲಿ ಸ್ವಂತಕ್ಕೆ ಬಳಸಲು ಬೀಗ ತೆಗೆದರೂ ತೊಡಕು. ನಮ್ಮ ಕಾನೂನು ಅಷ್ಟು ಬಿಗಿಯಲ್ಲ.

1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಮಾಡಿ 65ಎ ಕಲಂ ಸೇರಿಸಿದರು. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದ ತನಕ ಸಜೆ ಮತ್ತು ದಂಡ ಎಂದು ಅದು ಹೇಳುತ್ತದೆ. ಇಲ್ಲಿ ‘ಉಲ್ಲಂಘಿಸುವ ಉದ್ದೇಶ’ ಎಂಬುದೇ ಮುಖ್ಯ. ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಕೆಲಸಕ್ಕಾಗಿ ಬೀಗ ತೆಗೆದರೆ ಈ ಕಲಂ ಅಡ್ಡಬರುವುದಿಲ್ಲ ಎಂದೂ ಅಲ್ಲೇ ಬರೆದಿದೆ. ಇನ್ನೊಬ್ಬರಿಗೆ ಬೀಗ ತೆಗೆದುಕೊಡುವವರು ಮಾತ್ರ ಅವರ ಹೆಸರು, ವಿಳಾಸ, ಉದ್ದೇಶ ಬರೆದಿಟ್ಟುಕೊಳ್ಳಬೇಕು. ಇನ್ನು 52ನೇ ಕಲಂ ಖಾಸಗಿ ಅಥವಾ ಸ್ವಂತ ಬಳಕೆಗಾಗಿ ಕೃತಿಯನ್ನು ನ್ಯಾಯೋಚಿತವಾಗಿ ಬಳಸಲು ಅವಕಾಶ ಕೊಡುತ್ತದೆ. ಅದಕ್ಕಾಗಿ ಎಲೆಕ್ಟ್ರಾನಿಕ್ ರೂಪದಲ್ಲಿ ಸಂಗ್ರಹಿಸಿಟ್ಟುಕೊಳ್ಳುವುದೂ ಉಲ್ಲಂಘನೆಯಲ್ಲ. ಅಂದರೆ ದುಡ್ಡು ಕೊಟ್ಟ ಹಾಡಿನ ಒಂದು ಪ್ರತಿಯನ್ನು ನಿಮ್ಮದೇ ಹಾರ್ಡ್‌ಡಿಸ್ಕಿನಲ್ಲಿ ಇಟ್ಟುಕೊಂಡಿರಿ ಎಂದು ಹೆದರಬೇಕಾಗಿಲ್ಲ.

ಆದರೆ ಸ್ವಂತ ಬಳಕೆ ಅಂದರೆ ಸ್ವಂತ ಬಳಕೆಯೇ. ನೂರಾರು ಜನರ ವಾಟ್ಸಾಪ್ ಗುಂಪಿಗೆ ಹಾಕುವುದು ಅದರಲ್ಲಿ ಬರುವುದಿಲ್ಲ. ನಮ್ಮ ಕನ್ನಡ ಸಂಘಗಳಿಗೆ ಸಂಬಂಧಿಸಿದ ಇನ್ನೊಂದು ಅಂಶವೂ ಇದೆ. ಲಾಭಕ್ಕಾಗಿ ನಡೆಯದ ಸಂಘ ತನ್ನ ಚಟುವಟಿಕೆಯ ಭಾಗವಾಗಿ ಧ್ವನಿಮುದ್ರಣ ಕೇಳಿಸಲು ಕಾಯ್ದೆಯಲ್ಲಿ ವಿನಾಯಿತಿ ಇದೆ. ಟಿಕೆಟ್ ಮಾರಿ, ಪ್ರಾಯೋಜಕರನ್ನು ಹಿಡಿದು ದೊಡ್ಡ ಸಭಾಂಗಣದಲ್ಲಿ ಮಾಡುವ ರಾಜ್ಯೋತ್ಸವದ ಲೆಕ್ಕ ಬೇರೆ. ಅದಕ್ಕೆ ಹಕ್ಕುದಾರರ ಸಂಸ್ಥೆಗಳಿಂದ ಪರವಾನಗಿ ಪಡೆಯುವುದೇ ಸುರಕ್ಷಿತ. ಅಂಗಡಿಯಲ್ಲಿ ಹಾಡು ಕೊಂಡ ರಸೀದಿ ಅಲ್ಲಿ ಸಾಲುವುದಿಲ್ಲ.

ಹಕ್ಕುಸ್ವಾಮ್ಯವೂ ಶಾಶ್ವತವಲ್ಲ. ಧ್ವನಿಮುದ್ರಣದ ಹಕ್ಕು ನಮ್ಮಲ್ಲಿ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ, ಆಮೇಲೆ ಅದು ಎಲ್ಲರದು. ಬೀಗಕ್ಕೆ ಮಾತ್ರ ಅಂಥ ಅವಧಿ ಇಲ್ಲ. ಹಕ್ಕು ಮುಗಿದರೂ ಬೀಗ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ.

ಏನು ಮಾಡಬಹುದು?

ಮೊದಲನೆಯದು, ಯಾವುದನ್ನು ಕೊಂಡಿದ್ದೇವೆ ಎಂದು ತಿಳಿಯುವುದು. ಸ್ಟ್ರೀಮಿಂಗ್ ಆ್ಯಪ್‌ಗಳಲ್ಲೂ ‘ಡೌನ್‌ಲೋಡ್’ ಗುಂಡಿ ಇದೆ. ಅದು ಬಾಡಿಗೆಯ ಮಾತು, ಖರೀದಿಯಲ್ಲ. ಸ್ಪಾಟಿಫೈನಲ್ಲಿ ಇಳಿಸಿದ ಹಾಡು ಉಳಿಯಬೇಕಾದರೆ 30 ದಿನಕ್ಕೊಮ್ಮೆಯಾದರೂ ಇಂಟರ್‌ನೆಟ್‌ಗೆ ಹೋಗಬೇಕು. ಚಂದಾ ನಿಂತರೆ ಹಾಡೂ ನಿಂತಂತೆ. ಇದರಲ್ಲಿ ಮೋಸವಿಲ್ಲ, ಆದರೆ ಅದನ್ನು ಸಂಗ್ರಹ ಎಂದು ತಿಳಿಯಬಾರದು.

ಎರಡನೆಯದು, ಕೊಂಡ ಹಾಡನ್ನು ಕೊಂಡ ದಿನವೇ ಫೈಲಾಗಿ ಇಳಿಸಿಕೊಳ್ಳುವುದು. ಫೈಲಿನ ಹೆಸರಿನ ಕೊನೆಯಲ್ಲಿ ಎಂಪಿ3, ಎಂ4ಎ, ಫ್ಲಾಕ್ ಎಂದಿದ್ದರೆ ಸಾಮಾನ್ಯವಾಗಿ ಬೀಗವಿರುವುದಿಲ್ಲ. ಹಳೆಯ ಎಂ4ಪಿ ಫೈಲಿದ್ದರೆ ಅದಕ್ಕೆ ಬೀಗವಿದೆ. ಕೆಲವು ಹಳೆಯ ಡಬ್ಲ್ಯುಎಂಎ ಫೈಲುಗಳಿಗೂ ಇರುತ್ತದೆ. ಇಳಿಸಿದ ಮೇಲೆ ಎರಡು ಕಡೆ ಇಡಿ, ಒಂದು ಹಾರ್ಡ್‌ಡಿಸ್ಕು ಊರಿನ ಮನೆಯಲ್ಲಿರಲಿ. ಅಂಗಡಿಯೇ ಕಾಯ್ದಿಟ್ಟಿರುತ್ತದೆ ಎಂದು ನಂಬಿ ಕೂರುವಂತಿಲ್ಲ. ಗೂಗಲ್ ಪ್ಲೇ ಮ್ಯೂಸಿಕ್ 2020ರ ಕೊನೆಗೆ ಮುಚ್ಚಿದಾಗ, ಅಲ್ಲಿದ್ದುದನ್ನು ತೆಗೆದುಕೊಳ್ಳಲು ಗಿರಾಕಿಗಳಿಗೆ 2021ರ ಫೆಬ್ರವರಿವರೆಗೆ ಮಾತ್ರ ಸಮಯವಿತ್ತು.

ಮೂರನೆಯದು, ಎಲ್ಲಿ ಕೊಳ್ಳುತ್ತೇವೆ ಎಂಬುದು. ಬ್ಯಾಂಡ್‌ಕ್ಯಾಂಪ್‌ನಂಥ ತಾಣಗಳು ಬೀಗವಿಲ್ಲದ ಫೈಲನ್ನೇ ಕೈಗೆ ಕೊಡುತ್ತವೆ. ಸ್ವತಂತ್ರವಾಗಿ ಹಾಡುವ ಕಲಾವಿದರು ಅಲ್ಲಿದ್ದರೆ ಅಲ್ಲೇ ಕೊಳ್ಳಿ, ದುಡ್ಡಿನ ಹೆಚ್ಚಿನ ಪಾಲು ಅವರಿಗೇ ಹೋಗುತ್ತದೆ. ಹಾಡು ಪುಕ್ಕಟೆ ಸಿಗಬೇಕು ಎಂಬುದು ನನ್ನ ವಾದವಲ್ಲ. ದುಡ್ಡು ಕೊಡೋಣ, ಕೊಟ್ಟದ್ದಕ್ಕೆ ತಕ್ಕ ವಸ್ತು ಕೈಗೆ ಬರಲಿ.

ನಾಲ್ಕನೆಯದು ನಮ್ಮ ಕೈಯಲ್ಲಿಲ್ಲ, ಸರ್ಕಾರದ ಕೈಯಲ್ಲಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನು ಜಾರಿಯಲ್ಲಿದೆ. ಡಿಜಿಟಲ್ ಸರಕಿನ ಪಕ್ಕ ‘ಖರೀದಿಸಿ’ ಎಂದು ಬರೆಯಬೇಕಾದರೆ, ಇದು ಪರವಾನಗಿ ಮಾತ್ರ ಎಂದು ಕೊಳ್ಳುವವರಿಗೆ ಕಣ್ಣಿಗೆ ಕಾಣುವಂತೆ ತಿಳಿಸಬೇಕು. ಶಾಶ್ವತವಾಗಿ ಇಳಿಸಿಟ್ಟುಕೊಳ್ಳಬಹುದಾದ, ಮಾರಿದವರು ಹಿಂದಕ್ಕೆ ಪಡೆಯಲಾಗದ ಫೈಲು ಕೊಡುವವರಿಗೆ ಇದರಿಂದ ವಿನಾಯಿತಿ. ಬಿಸ್ಕತ್ತಿನ ಪೊಟ್ಟಣದ ಮೇಲೂ ಒಳಗೇನಿದೆ ಎಂದು ಬರೆಯಬೇಕೆನ್ನುವ ನಮ್ಮ ದೇಶದಲ್ಲಿ, ಹಾಡು ಮಾರುವವರೂ ಅಷ್ಟನ್ನು ಹೇಳಬೇಕೆಂಬ ನಿಯಮ ಬಂದರೆ ಯಾರಿಗೂ ನಷ್ಟವಿಲ್ಲ. ಕೊಂಡವರ ಕಾಲಾನಂತರ ಮನೆಯವರಿಗೆ ಆ ಫೈಲುಗಳನ್ನು ಒಂದು ಸಲ ಇಳಿಸಿಕೊಳ್ಳಲು ಬಿಡಬೇಕು ಎಂಬ ಸಾಲನ್ನೂ ಅದರಲ್ಲಿ ಸೇರಿಸಬಹುದು.

ಅಲ್ಲಿಯವರೆಗೆ, ಊರಿನಲ್ಲಿ ಟ್ಯಾಬ್ಲೆಟ್ ಹಿಡಿದು ಹಾಡು ಕೇಳುವ ಅಪ್ಪ ಅವ್ವ ನಿಮ್ಮ ಮನೆಯಲ್ಲಿದ್ದರೆ, ಮುಂದಿನ ಸಲ ರಜೆಗೆ ಹೋದಾಗ ಅರ್ಧ ದಿನ ಬಿಡುವು ಮಾಡಿಕೊಳ್ಳಿ. ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಅವರ ಖಾತೆಯಲ್ಲಿರುವ ಹಾಡುಗಳನ್ನು ಒಂದೊಂದಾಗಿ ಇಳಿಸಿ. ಯಾವ ಹಾಡು ಯಾಕೆ ಕೊಂಡರು ಎಂದು ಅವರೇ ಹೇಳುತ್ತಾ ಹೋಗುತ್ತಾರೆ, ಅದನ್ನೂ ಕೇಳಿಕೊಂಡ ಹಾಗಾಗುತ್ತದೆ.